ಬಳಸಿದ ಎಂಜಿನ್ ಆಯಿಲ್ ಪರೀಕ್ಷೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಬಳಸಿದ ಆಯಿಲನ್ನು ಲ್ಯಾಬಿಗೆ ಕಳಿಸಿದವರು, ಕಳಿಸಬೇಕೆಂದಿರುವವರು ಬರೆದ ಪತ್ರಗಳಿಂದ ಆಯ್ದ ಪ್ರಶ್ನೆಗಳು ಇಲ್ಲಿವೆ. ರಿಪೋರ್ಟಿನಲ್ಲಿ ಬರುವ ಪಿಪಿಎಂ ಎಂದರೆ ತೂಕದಲ್ಲಿ ಹತ್ತು ಲಕ್ಷಕ್ಕೆ ಒಂದು ಭಾಗ. ಒಂದು ಕಿಲೋ ಆಯಿಲಿನಲ್ಲಿ ಒಂದು ಮಿಲಿಗ್ರಾಂ ಎಂದುಕೊಳ್ಳಿ.

ಪ್ರಶ್ನೆ: ನನ್ನ ಡೀಸೆಲ್ ಗಾಡಿಯ ಆಯಿಲ್ ಬದಲಿಸಿ 300 ಕಿ.ಮೀ. ಓಡುವುದರೊಳಗೆ ಕಡುಕಪ್ಪಾಗುತ್ತದೆ. ಪೆಟ್ರೋಲ್ ಕಾರಿನದು 5,000 ಕಿ.ಮೀ. ಆದರೂ ಕಂದು ಬಣ್ಣದಲ್ಲೇ ಇದೆ. ಮೆಕ್ಯಾನಿಕ್ ಬೆರಳಲ್ಲಿ ಉಜ್ಜಿ ನೋಡಿ ‘ಆಯಿಲ್ ಸತ್ತುಹೋಗಿದೆ’ ಎನ್ನುತ್ತಾರೆ. ಬಣ್ಣ ನೋಡಿ ತೀರ್ಮಾನಿಸಬಹುದೇ?

ಉತ್ತರ: ಆಗದು. ಡೀಸೆಲ್ ಉರಿಯುವಾಗ ಹುಟ್ಟುವ ಮಸಿಯ ಒಂದು ಪಾಲು ಪಿಸ್ಟನ್ ರಿಂಗ್‌ಗಳನ್ನು ದಾಟಿ ಆಯಿಲಿಗೆ ಸೇರುತ್ತದೆ. ಆ ಕಣಗಳು ಮೈಕ್ರಾನಿಗಿಂತ ಬಹಳ ಚಿಕ್ಕವು. ಅವು ಒಂದಕ್ಕೊಂದು ಅಂಟಿ ಗಡ್ಡೆಯಾಗದಂತೆ ಬಿಡಿಬಿಡಿಯಾಗಿ ತೇಲಿಸಿ ಇಡುವುದು ಆಯಿಲಿನಲ್ಲಿರುವ ಡಿಸ್ಪರ್ಸೆಂಟ್ ಎಂಬ ಸೇರ್ಪಡೆಯ ಕೆಲಸ. ಆಯಿಲ್ ಕಪ್ಪಾಯಿತೆಂದರೆ ಅದು ತನ್ನ ಕೆಲಸ ಮಾಡುತ್ತಿದೆ ಎಂದಷ್ಟೇ ಅರ್ಥ. ಬಣ್ಣ ಕಪ್ಪಾಗಲು ಅತಿ ಕಡಿಮೆ ಮಸಿ ಸಾಕು, ಆಮೇಲೆ ಎಷ್ಟು ಕೂಡಿದರೂ ಕಣ್ಣಿಗೆ ವ್ಯತ್ಯಾಸ ಕಾಣದು. ಲ್ಯಾಬಿನಲ್ಲಿ ಅದನ್ನು ಶೇಕಡಾವಾರು ಅಳೆಯುತ್ತಾರೆ. ಶೇ 3ರ ಸುತ್ತ ಬಂದರೆ ಎಚ್ಚರ ವಹಿಸಬೇಕು. ಇನ್ನು ಬೆರಳ ತುದಿಯ ಪರೀಕ್ಷೆ: ಬಿಸಿ ಆಯಿಲ್ ಹೊಸದಾದರೂ ನೀರಿನಂತೆಯೇ ಅನಿಸುತ್ತದೆ. ಅದರ ಮೇಲೆ ಖರ್ಚು ನಿರ್ಧರಿಸಬೇಡಿ.

ಪ್ರಶ್ನೆ: ಸ್ಯಾಂಪಲ್ ತೆಗೆಯುವ ಸರಿಯಾದ ಕ್ರಮ ತಿಳಿಸಿ. ಡ್ರೈನ್ ಮಾಡಿದ ಟ್ರೇಯಿಂದ ಬಾಟಲಿಗೆ ತುಂಬಿದರೆ ಸಾಲದೇ?

ಉತ್ತರ: ಸಾಲದು. ಕೆಟ್ಟ ಸ್ಯಾಂಪಲಿನಿಂದ ಬಂದ ರಿಪೋರ್ಟ್ ದಾರಿ ತಪ್ಪಿಸುತ್ತದೆ, ಅದಕ್ಕಿಂತ ರಿಪೋರ್ಟ್ ಇಲ್ಲದಿರುವುದೇ ವಾಸಿ. ಟ್ರೇಯಲ್ಲಿ ಹಿಂದಿನ ಗಾಡಿಯ ಆಯಿಲ್, ಧೂಳು, ತೊಳೆದ ಸೀಮೆಎಣ್ಣೆ ಯಾವುದಾದರೂ ಇರಬಹುದು.

ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ಗಾಡಿ ಓಡಿಸಿ ನಿಲ್ಲಿಸಿ. ಕಣಗಳು ತಳಕ್ಕಿಳಿಯುವ ಮೊದಲು, ಅಂದರೆ ಹದಿನೈದು ನಿಮಿಷದೊಳಗೆ ಸ್ಯಾಂಪಲ್ ತೆಗೆಯಬೇಕು. ಡ್ರೈನ್ ನಟ್‌ನಿಂದ ತೆಗೆಯುವುದಾದರೆ ಅದರ ಸುತ್ತ ಮೊದಲೇ ಒರೆಸಿ. ಮೊದಲು ಸುರಿಯುವ ಆಯಿಲಿನಲ್ಲಿ ತಳದ ಕೆಸರು ಬರುತ್ತದೆ, ಕೊನೆಗೆ ಸೋರುವುದೂ ಬೇಡ. ಧಾರೆ ಅರ್ಧಕ್ಕೆ ಬಂದಾಗ ಬಾಟಲಿಯನ್ನು ನೇರವಾಗಿ ಅದರಡಿ ಹಿಡಿಯಿರಿ. ಕೈಸುಡುವಷ್ಟು ಬಿಸಿ ಇರುತ್ತದೆ, ದಪ್ಪ ಗ್ಲೌಸ್ ಹಾಕಿಕೊಳ್ಳಿ.

ಆಯಿಲ್ ಬದಲಿಸದೆ ನಡುವೆ ಸ್ಯಾಂಪಲ್ ಬೇಕಿದ್ದರೆ ಕೈಪಂಪಿನಿಂದ ಡಿಪ್‌ಸ್ಟಿಕ್ ದಾರಿಯಲ್ಲಿ ಎಳೆಯಬಹುದು. ಪ್ಲಾಸ್ಟಿಕ್ ಕೊಳವೆಯನ್ನು ಡಿಪ್‌ಸ್ಟಿಕ್ ಪಕ್ಕ ಹಿಡಿದು ಅಳೆದು, ತುದಿ ಆಯಿಲಿನ ಮಧ್ಯಕ್ಕೆ ಬರುವಂತೆ ಕತ್ತರಿಸಿ. ತಳಕ್ಕೆ ತಾಗಿದರೆ ಕೆಸರೇ ಬರುತ್ತದೆ. ಪ್ರತಿ ಸಲ ಹೊಸ ಕೊಳವೆ ಬಳಸಿ.

ಬಾಟಲಿ 100ರಿಂದ 120 ಮಿ.ಲೀ. ಹಿಡಿಯುವ, ಒಣಗಿದ, ಲ್ಯಾಬೇ ಕೊಟ್ಟಿದ್ದಾದರೆ ಒಳ್ಳೆಯದು. ಔಷಧಿಯ ಹಳೆ ಬಾಟಲಿ ತೊಳೆದು ಬಳಸಿದರೆ ಸೋಪಿನ ಸೋಡಿಯಂ ರಿಪೋರ್ಟಿನಲ್ಲಿ ಕೂಲೆಂಟ್ ಸೋರಿಕೆಯ ವೇಷದಲ್ಲಿ ಕಾಣಿಸಿಕೊಳ್ಳಬಹುದು. ಮುಕ್ಕಾಲು ಭಾಗ ತುಂಬಿ. ಪರೀಕ್ಷಿಸುವ ಮುನ್ನ ಚೆನ್ನಾಗಿ ಕುಲುಕಲು ಅವರಿಗೆ ಜಾಗ ಬೇಕು.

ಚೀಟಿಯಲ್ಲಿ ಎಂಜಿನ್ ಒಟ್ಟು ಓಡಿದ ಕಿ.ಮೀ. ಅಥವಾ ಗಂಟೆ, ಈ ಆಯಿಲ್ ಓಡಿದ್ದು ಎಷ್ಟು, ಆಯಿಲಿನ ಹೆಸರು ಮತ್ತು ಗ್ರೇಡ್, ನಡುವೆ ಎಷ್ಟು ಲೀಟರ್ ಟಾಪ್ ಅಪ್ ಮಾಡಿದ್ದೀರಿ, ಇತ್ತೀಚೆಗೆ ಯಾವ ರಿಪೇರಿ ಆಗಿದೆ ಎಂದು ಬರೆಯಿರಿ. ಇವಿಲ್ಲದೆ ಬರುವ ಅಂಕಿಗಳಿಗೆ ಅರ್ಥ ಹಚ್ಚಲಾಗದು. ಜೊತೆಗೆ ಒಂದೇ ಒಂದು ಸಲ ಅದೇ ಡಬ್ಬದ ಹೊಸ ಆಯಿಲಿನ ಸ್ಯಾಂಪಲನ್ನೂ ಪರೀಕ್ಷಿಸಿಡಿ. ಮುಂದಿನ ಎಲ್ಲ ರಿಪೋರ್ಟುಗಳನ್ನು ಹೋಲಿಸಲು ಅದೇ ಆಧಾರ.

ಪ್ರಶ್ನೆ: ಡೀಸೆಲ್ ಎಂಜಿನ್, ಆಯಿಲ್ ಓಡಿದ್ದು 10,000 ಕಿ.ಮೀ. ರಿಪೋರ್ಟ್: ಕಬ್ಬಿಣ 68, ಕ್ರೋಮಿಯಂ 7, ಅಲ್ಯೂಮಿನಿಯಂ 21, ಸಿಲಿಕಾನ್ 46, ತಾಮ್ರ 9, ಸೀಸ 4, ಸೋಡಿಯಂ 5 ಪಿಪಿಎಂ. ಹಿಂದಿನ ಸಲ ಅಷ್ಟೇ ದೂರಕ್ಕೆ ಕಬ್ಬಿಣ 24, ಸಿಲಿಕಾನ್ 9 ಇತ್ತು. ಎಂಜಿನ್ ಬಿಚ್ಚಿಸಬೇಕೇ?

ಉತ್ತರ: ಬಿಚ್ಚಿಸಬೇಡಿ. ಮೊದಲು ಏರ್ ಫಿಲ್ಟರ್ ಕಡೆ ಹೋಗಿ. ನಿಮ್ಮ ಎಂಜಿನ್ ಧೂಳು ನುಂಗುತ್ತಿದೆ.

ಇದನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಯಾವ ಲೋಹವನ್ನೂ ಒಂಟಿಯಾಗಿ ಓದಬಾರದು, ಜೊತೆಗಾರರನ್ನು ನೋಡಬೇಕು. ಕಬ್ಬಿಣ ಲೈನರ್ (ಸಿಲಿಂಡರಿನ ಒಳಗೋಡೆ), ಕ್ರ್ಯಾಂಕ್ ಶಾಫ್ಟ್, ಕ್ಯಾಮ್ ಶಾಫ್ಟ್, ಗೇರುಗಳಿಂದ ಬರಬಹುದು. ಆದರೆ ಅದರ ಜೊತೆ ಕ್ರೋಮಿಯಂ ಏರಿದರೆ ಪಿಸ್ಟನ್ ರಿಂಗ್, ಅಲ್ಯೂಮಿನಿಯಂ ಏರಿದರೆ ಪಿಸ್ಟನ್ ಎಂದಾಗುತ್ತದೆ. ಮೂರೂ ಕೂಡಿ ಏರಿದರೆ ಸವೆತ ನಡೆದಿರುವುದು ಸಿಲಿಂಡರ್ ಒಳಗೆ. ಸಿಲಿಕಾನ್ 9ರಿಂದ 46ಕ್ಕೆ ಹಾರಿದ್ದು ಅದರ ಕಾರಣವನ್ನು ಹೇಳುತ್ತದೆ: ಮಣ್ಣಿನ ಧೂಳಿನ ಮುಖ್ಯ ಅಂಶ ಸಿಲಿಕಾ. ಧೂಳಿನಲ್ಲಿ ಅಲ್ಯೂಮಿನಿಯಂ ಕೂಡ ಇರುವುದರಿಂದ ನಿಮ್ಮ 21ರಲ್ಲಿ ಒಂದು ಪಾಲು ಪಿಸ್ಟನ್ನಿನದಲ್ಲ, ಮಣ್ಣಿನದು.

ಸೀಸ, ತಾಮ್ರ ಶಾಂತವಾಗಿರುವುದನ್ನೂ ಗಮನಿಸಿ. ಧೂಳು ಗಾಳಿಯ ದಾರಿಯಲ್ಲಿ ಬಂದರೆ ಮೊದಲ ಏಟು ರಿಂಗ್, ಲೈನರುಗಳಿಗೆ. ಅದೇ ಧೂಳು ಕೊಳಕು ಫನೆಲ್, ಮುಚ್ಚಳವಿಲ್ಲದ ಫಿಲ್ಲರ್, ಹರಿದ ಬ್ರೀದರ್ ಮೂಲಕ ನೇರ ಆಯಿಲಿಗೆ ಬಿದ್ದಿದ್ದರೆ ಬೇರಿಂಗುಗಳ ಸೀಸ, ತವರ, ತಾಮ್ರ ಮೊದಲು ಏರುತ್ತಿದ್ದವು. ಆದ್ದರಿಂದ ನಿಮ್ಮಲ್ಲಿ ಹುಡುಕಬೇಕಾದ ಜಾಗ ಏರ್ ಫಿಲ್ಟರಿನಿಂದ ಇನ್‌ಟೇಕ್ ಮ್ಯಾನಿಫೋಲ್ಡ್‌ವರೆಗಿನ ದಾರಿ.

ಫಿಲ್ಟರ್ ತೆಗೆದು, ಅದರ ಆಚೆಯ, ಅಂದರೆ ಸ್ವಚ್ಛವಿರಬೇಕಾದ ಕಡೆಯ ಪೈಪಿನ ಒಳಗೋಡೆಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆಗೆ ಮಣ್ಣು ಹತ್ತಿದರೆ ಸಾಕ್ಷಿ ಸಿಕ್ಕಂತೆ. ಫಿಲ್ಟರಿನ ರಬ್ಬರ್ ಅಂಚು ಸುತ್ತಲೂ ಸಮವಾಗಿ ಒತ್ತಿದ ಗುರುತು ಇದೆಯೇ ನೋಡಿ. ಒಂದು ಕಡೆ ಧೂಳಿನ ಗೆರೆ ಒಳಕ್ಕೆ ಹೋಗಿದ್ದರೆ ಅಲ್ಲೇ ಸೋರಿಕೆ. ಟರ್ಬೊಗೆ ಹೋಗುವ ಹೋಸನ್ನು ಬಾಗಿಸಿ ಬಿರುಕು ಹುಡುಕಿ, ಅದರ ಅಡಿಭಾಗವನ್ನು ಮರೆಯಬೇಡಿ. ಕ್ಲಿಪ್‌ಗಳನ್ನು ಬಿಗಿಮಾಡಿ. ಕತ್ತಲಲ್ಲಿ ಫಿಲ್ಟರಿನೊಳಗೆ ಬಲ್ಬ್ ಇಟ್ಟರೆ ಕಾಗದದಲ್ಲಿನ ತೂತು ಚುಕ್ಕೆ ಬೆಳಕಾಗಿ ಕಾಣುತ್ತದೆ.

ಹಲವು ಎಂಜಿನ್‌ಗಳನ್ನು ಹಾಳುಮಾಡುವುದು ಏರ್ ಫಿಲ್ಟರನ್ನು ಪದೇಪದೇ ಕಂಪ್ರೆಸರ್ ಗಾಳಿಯಿಂದ ಊದುವ ಅಭ್ಯಾಸ. ಜೋರು ಗಾಳಿ ಕಾಗದದ ನಾರುಗಳನ್ನು ಹರಿಯುತ್ತದೆ, ಮಡಿಕೆಗಳನ್ನು ಅಂಟಿನಿಂದ ಬಿಡಿಸುತ್ತದೆ. ಮೇಲೆ ಸ್ವಲ್ಪ ಧೂಳು ಕೂತ ಫಿಲ್ಟರ್ ಹೊಚ್ಚ ಹೊಸದಕ್ಕಿಂತ ಚೆನ್ನಾಗಿಯೇ ಸೋಸುತ್ತದೆ, ನೋಡಲು ಕೊಳಕಾಗಿದೆ ಎಂಬ ಒಂದೇ ಕಾರಣಕ್ಕೆ ಮುಟ್ಟಬೇಡಿ. ಊದಲೇಬೇಕಾದರೆ ಒಳಗಿನಿಂದ ಹೊರಕ್ಕೆ, 2 ಬಾರ್ ಮೀರದಂತೆ, ನಾಜಲ್ ದೂರವಿಟ್ಟು. ಒಳಗಿನ ಚಿಕ್ಕ ಸೇಫ್ಟಿ ಫಿಲ್ಟರನ್ನು ಊದುವಂತೆಯೇ ಇಲ್ಲ, ಬದಲಿಸಬೇಕು.

ಸೋರಿಕೆ ಮುಚ್ಚಿದ ಮೇಲೆ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಎರಡನ್ನೂ ಬದಲಿಸಿ, ಏಕೆಂದರೆ ಒಳಗಿರುವ ಧೂಳು ಅರೆಯುತ್ತಲೇ ಇರುತ್ತದೆ. 5,000 ಕಿ.ಮೀ.ಗೆ ಮತ್ತೊಂದು ಸ್ಯಾಂಪಲ್ ಕಳಿಸಿ. ಸಿಲಿಕಾನ್ ಮತ್ತು ಕಬ್ಬಿಣ ಎರಡೂ ಹಳೆಯ ಮಟ್ಟದತ್ತ ಇಳಿಯಬೇಕು. ಸಿಲಿಕಾನ್ ಇಳಿದೂ ಕಬ್ಬಿಣ ಇಳಿಯದಿದ್ದರೆ, ಆಗ ಕಂಪ್ರೆಷನ್ ಪರೀಕ್ಷೆ ಮಾಡಿಸಿ.

ಇದೇ ಬಗೆಯ ರಿಪೋರ್ಟ್ ಹಿಡಿದು ಗಾಬರಿಗೊಂಡ ಇತರರಿಗೂ ಒಂದು ಮಾತು. ಸಿಲಿಕಾನ್ ಮಾತ್ರ ಏರಿ ಕಬ್ಬಿಣ, ಅಲ್ಯೂಮಿನಿಯಂ, ಕ್ರೋಮಿಯಂ ಕದಲದಿದ್ದರೆ ಅದು ಧೂಳಲ್ಲದಿರಬಹುದು. ಗ್ಯಾಸ್ಕೆಟ್ ಜಾಗದಲ್ಲಿ ಹಚ್ಚುವ ಸಿಲಿಕೋನ್ ಅಂಟಿನಿಂದಲೂ ಸಿಲಿಕಾನ್ ಬಿಡುತ್ತದೆ. ಹೊಸ ಎಂಜಿನ್‌ನಲ್ಲಿ, ಹೆಡ್ ಅಥವಾ ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಬಿಚ್ಚಿ ಕೂರಿಸಿದ ಎಂಜಿನ್‌ನಲ್ಲಿ ಇದು ಸಹಜ. ಪ್ರತಿ ಆಯಿಲ್ ಬದಲಾವಣೆಗೂ ಕಡಿಮೆಯಾಗುತ್ತಾ ಹೋಗುತ್ತದೆ. ಆಯಿಲಿನ ನೊರೆ ತಡೆಯುವ ಸೇರ್ಪಡೆಯಲ್ಲೂ ಕೆಲವು ಪಿಪಿಎಂ ಸಿಲಿಕಾನ್ ಇರುವುದರಿಂದ ಹೊಸ ಆಯಿಲಿನ ರಿಪೋರ್ಟ್ ಕೈಯಲ್ಲಿರಬೇಕು.

ಪ್ರಶ್ನೆ: ಹೊಸ ಎಂಜಿನ್. ತಾಮ್ರ 180 ಪಿಪಿಎಂ! ಸೀಸ 3, ತವರ 1, ಕಬ್ಬಿಣ 22. ಬೇರಿಂಗ್ ಹೋಗಿದೆ ಎಂದು ಹೇಳುತ್ತಿದ್ದಾರೆ.

ಉತ್ತರ: ಬೇರಿಂಗ್ ಸವೆದರೆ ತಾಮ್ರ ಒಂಟಿಯಾಗಿ ಬರುವುದು ಅಪರೂಪ. ಮೇಲಿನ ಪದರದ ಸೀಸ, ತವರ ಮೊದಲು ಹೋಗಿ, ಆಮೇಲೆ ಕೆಳಗಿನ ತಾಮ್ರ ಕಾಣಬೇಕು. ನಿಮ್ಮ ಆಯಿಲ್ ಕೂಲರಿನಲ್ಲಿ ತಾಮ್ರದ ಭಾಗಗಳಿದ್ದರೆ, ಆಯಿಲಿನ ಸವೆತ ತಡೆಯುವ ಸೇರ್ಪಡೆ ಅದರ ಜೊತೆ ರಾಸಾಯನಿಕವಾಗಿ ವರ್ತಿಸಿ ತಾಮ್ರವನ್ನು ಕರಗಿಸಿಕೊಳ್ಳುತ್ತದೆ. ಕೂಲರಿನ ಒಳಮೈಗೆ ಪದರ ಕಟ್ಟಿದ ಮೇಲೆ ಅದು ತಾನಾಗಿ ನಿಲ್ಲುತ್ತದೆ. ಆಯಿಲಿನ ಬ್ರ್ಯಾಂಡ್ ಬದಲಿಸಿದಾಗ ಆ ಪದರ ಕದಡಿ ಮತ್ತೆ ಏರುವುದುಂಟು. ಮುಂದಿನ ಎರಡು ಮೂರು ರಿಪೋರ್ಟುಗಳಲ್ಲಿ ಇಳಿಯುತ್ತಿದೆಯೇ ನೋಡಿ. ಒಂದು ಎಚ್ಚರಿಕೆ ಮಾತ್ರ: ಸೀಸವಿಲ್ಲದ ಬೇರಿಂಗುಗಳು ಈಗ ಸಾಮಾನ್ಯ, ಅಂಥ ಎಂಜಿನ್‌ನಲ್ಲಿ ಸೀಸ ಕಡಿಮೆ ಇದೆ ಎಂದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ನಿಮ್ಮ ಎಂಜಿನ್ನಿನ ಬೇರಿಂಗ್ ಯಾವ ಲೋಹದ್ದೆಂದು ತಯಾರಕರಲ್ಲಿ ವಿಚಾರಿಸಿಡಿ.

ಪ್ರಶ್ನೆ: ಆಯಿಲಿನಲ್ಲಿ ನೀರು ಸೇರಿದೆಯೇ ಎಂದು ಮನೆಯಲ್ಲೇ ತಿಳಿಯಬಹುದೇ? ರಿಪೋರ್ಟಿನಲ್ಲಿ ಸೋಡಿಯಂ 140, ಪೊಟ್ಯಾಸಿಯಂ 35 ಬಂದಿದೆ, ಆದರೆ ‘ನೀರು ಇಲ್ಲ’ ಎಂದೂ ಬರೆದಿದ್ದಾರೆ. ಇದು ಹೇಗೆ?

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ, ಏಕೆಂದರೆ ಅದು ತುರ್ತಿನದು. ಕೂಲೆಂಟ್ ಸ್ವಲ್ಪಸ್ವಲ್ಪವೇ ಸೋರುತ್ತಿದ್ದರೆ ಬಿಸಿ ಎಂಜಿನ್‌ನಲ್ಲಿ ಅದರ ನೀರು ಆವಿಯಾಗಿ ಹೋಗುತ್ತದೆ. ತುಕ್ಕು ತಡೆಯಲು ಕೂಲೆಂಟಿಗೆ ಹಾಕಿದ ಸೋಡಿಯಂ, ಪೊಟ್ಯಾಸಿಯಂ ಲವಣಗಳು ಹಿಂದೆ ಉಳಿಯುತ್ತವೆ. ಹೀಗಾಗಿ ನೀರಿಲ್ಲ ಎಂಬ ಸಾಲು ನಿಮ್ಮನ್ನು ಸಮಾಧಾನಪಡಿಸಬಾರದು. ಹೊಸ ಆಯಿಲಿನಲ್ಲೇ ಸೋಡಿಯಂ ಇದೆಯೇ ನೋಡಿ. ಕೆಲವು ಆಯಿಲುಗಳ ಸೇರ್ಪಡೆಯಲ್ಲಿ ಅದು ಇರುತ್ತದೆ. ಇಲ್ಲವಾದರೆ ಕೂಲಿಂಗ್ ಸಿಸ್ಟಮ್‌ಗೆ ಪ್ರೆಶರ್ ಟೆಸ್ಟ್ ಮಾಡಿಸಿ. ಹೆಡ್ ಗ್ಯಾಸ್ಕೆಟ್, ಆಯಿಲ್ ಕೂಲರ್, ಇಜಿಆರ್ ಕೂಲರ್ (ಎಂಜಿನ್ನಿಗೆ ಮರಳಿಸುವ ಹೊಗೆಯನ್ನು ತಣಿಸುವ ಭಾಗ), ಲೈನರಿನ ಕೆಳಗಿನ ಸೀಲ್, ಈ ನಾಲ್ಕು ಕಡೆ ಹುಡುಕಬೇಕು. ತಡಮಾಡಬೇಡಿ. ಕೂಲೆಂಟಿನ ಗ್ಲೈಕಾಲ್ ಬಿಸಿಯಲ್ಲಿ ಒಡೆದು ಆಮ್ಲವಾಗುತ್ತದೆ, ಬೇರಿಂಗಿನ ಸೀಸವನ್ನು ತಿನ್ನುತ್ತದೆ, ಆಯಿಲಿನ ಸೇರ್ಪಡೆಗಳ ಜೊತೆ ಸೇರಿ ಅಂಟು ಗಡ್ಡೆಗಳಾಗಿ ಫಿಲ್ಟರನ್ನು ಕಟ್ಟುತ್ತದೆ.

ಹೊಸ ಟರ್ಬೊ ಎಂಜಿನ್ ಇರುವವರು ಒಂದು ವಿನಾಯಿತಿ ನೆನಪಿಡಿ: ಸೋಡಿಯಂ ಇಲ್ಲದೆ ಪೊಟ್ಯಾಸಿಯಂ ಮತ್ತು ಅಲ್ಯೂಮಿನಿಯಂ ಒಟ್ಟಿಗೆ ಏರಿದರೆ ಅದು ಇಂಟರ್‌ಕೂಲರಿನ ಬೆಸುಗೆಗೆ ಬಳಸಿದ ಫ್ಲಕ್ಸ್ ತೊಳೆದು ಬರುತ್ತಿರುವುದಾಗಿರಬಹುದು. ಕ್ರಮೇಣ ಇಳಿಯುತ್ತದೆ.

ಇನ್ನು ಮನೆಯ ಪರೀಕ್ಷೆ. ಹಾಟ್ ಪ್ಲೇಟನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಚೆನ್ನಾಗಿ ಕುಲುಕಿದ ಆಯಿಲಿನ ಒಂದು ಹನಿ ಬಿಡಿ. ನೀರಿಲ್ಲದ ಆಯಿಲ್ ಸುಮ್ಮನೆ ಹರಡುತ್ತದೆ. ಸಾವಿರದಲ್ಲಿ ಒಂದೆರಡು ಪಾಲು ನೀರಿದ್ದರೂ ಸಣ್ಣ ಗುಳ್ಳೆಗಳೆದ್ದು ಚಿಟಚಿಟ ಸದ್ದು ಬರುತ್ತದೆ. ಹೆಚ್ಚಿದ್ದಷ್ಟೂ ಗುಳ್ಳೆ ದೊಡ್ಡದು, ಸಿಡಿತ ಜೋರು. ಕನ್ನಡಕ ಕಡ್ಡಾಯ, ಗಾಳಿಯಾಡುವ ಜಾಗದಲ್ಲಿ ಮಾಡಿ, ತೆರೆದ ಉರಿಯ ಮೇಲೆ ಮಾಡಲೇಬೇಡಿ. ಫಿಲ್ಲರ್ ಮುಚ್ಚಳದಡಿ ಮಾತ್ರ ಹಾಲುಬಣ್ಣದ ಪಸೆ ಇದ್ದು, ಡಿಪ್‌ಸ್ಟಿಕ್‌ನಲ್ಲಿ ಇಲ್ಲದಿದ್ದರೆ ಅದು ಬಹುಪಾಲು ಸಣ್ಣ ಓಡಾಟದಲ್ಲಿ ಕಟ್ಟಿದ ಹಬೆಯ ನೀರು. ಒಂದು ದೀರ್ಘ ಪ್ರಯಾಣದಲ್ಲಿ ಹೋಗಬೇಕು.

ಪ್ರಶ್ನೆ: 15ಡಬ್ಲ್ಯು-40 ಆಯಿಲ್. ಹೊಸದಿದ್ದಾಗ 100 ಡಿಗ್ರಿಯಲ್ಲಿ ಸ್ನಿಗ್ಧತೆ 14.6 ಸೆಂಟಿಸ್ಟೋಕ್, ಈಗ 11.8. ಆಯಿಲ್ ಕಳಪೆಯೇ?

ಉತ್ತರ: ಆಯಿಲನ್ನು ದೂರುವ ಮೊದಲು ಅದೇ ರಿಪೋರ್ಟಿನಲ್ಲಿ ಫ್ಲ್ಯಾಶ್ ಪಾಯಿಂಟ್, ಅಂದರೆ ಆಯಿಲಿನ ಆವಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುವ ತಾಪಮಾನ ನೋಡಿ. 40 ಗ್ರೇಡ್ ಎಂದರೆ 100 ಡಿಗ್ರಿಯಲ್ಲಿ 12.5ರಿಂದ 16.3ರ ಒಳಗೆ ಇರಬೇಕು. ನಿಮ್ಮದು ಕೆಳಗಿಳಿದು 30 ಗ್ರೇಡ್ ಆಗಿದೆ. ಹೀಗಾಗಲು ಎರಡು ದಾರಿ. ಡೀಸೆಲ್ ಬೆರೆತು ತೆಳುವಾಗಿರಬಹುದು, ಆಗ ಹೊಸದರಲ್ಲಿ 220 ಡಿಗ್ರಿ ಆಸುಪಾಸು ಇರುವ ಫ್ಲ್ಯಾಶ್ ಪಾಯಿಂಟ್ 180ರತ್ತ ಬೀಳುತ್ತದೆ. ಅಥವಾ ಆಯಿಲಿನಲ್ಲಿರುವ, ಬಿಸಿಯಲ್ಲೂ ದಪ್ಪ ಕಾಪಾಡುವ ಪಾಲಿಮರ್ ಅರೆದು ತುಂಡಾಗಿರಬಹುದು. ಆಗ ಫ್ಲ್ಯಾಶ್ ಪಾಯಿಂಟ್ ಕದಲುವುದಿಲ್ಲ. ಮೊದಲನೆಯದಾದರೆ ತಪ್ಪು ಎಂಜಿನ್ನಿನದು: ಹನಿಯುವ ಇಂಜೆಕ್ಟರ್, ಗಂಟೆಗಟ್ಟಲೆ ಐಡ್ಲಿಂಗ್, ಅರ್ಧಕ್ಕೆ ನಿಲ್ಲುತ್ತಿರುವ ಡಿಪಿಎಫ್ ರೀಜನರೇಷನ್ (ಹೊಗೆಯ ಫಿಲ್ಟರಿನಲ್ಲಿ ಕೂಡಿದ ಮಸಿಯನ್ನು ಸುಡುವ ಕ್ರಿಯೆ). ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುತ್ತಿದ್ದರೆ ಅನುಮಾನವೇ ಬೇಡ. ಇಂಧನ ಶೇ 2 ದಾಟಿದರೆ ಕಾರಣ ಹುಡುಕಿ, ಶೇ 5 ಮುಟ್ಟಿದರೆ ಆ ಆಯಿಲಿನಲ್ಲಿ ಓಡಿಸಬೇಡಿ.

ಒಂದು ಮೋಸವಿದೆ. ಮಸಿ ಮತ್ತು ಆಕ್ಸಿಡೇಷನ್ ಆಯಿಲನ್ನು ದಪ್ಪ ಮಾಡುತ್ತವೆ, ಇಂಧನ ತೆಳು ಮಾಡುತ್ತದೆ. ಎರಡೂ ಒಟ್ಟಿಗಿದ್ದರೆ ಸ್ನಿಗ್ಧತೆ ಸರಿಯಾಗಿಯೇ ಇರುವಂತೆ ಕಾಣುತ್ತದೆ.

ಪ್ರಶ್ನೆ: ಟಿಬಿಎನ್ 10.2 ಇದ್ದದ್ದು 5.9 ಆಗಿದೆ. ಇನ್ನೂ 5,000 ಕಿ.ಮೀ. ಓಡಿಸಬಹುದೇ?

ಉತ್ತರ: ಟಿಬಿಎನ್ ಎಂದರೆ ಆಮ್ಲವನ್ನು ತಟಸ್ಥಗೊಳಿಸಲು ಆಯಿಲಿನಲ್ಲಿ ಉಳಿದಿರುವ ಕ್ಷಾರದ ಶಕ್ತಿ. ಹೊಸದರ ಅರ್ಧಕ್ಕೆ ಇಳಿದಾಗ ಬದಲಿಸುವುದು ಸುರಕ್ಷಿತ ರೂಢಿ. ನಿಮ್ಮದು ಅದರ ಹತ್ತಿರ ಬಂದಿದೆ. ಟಿಎಎನ್, ಅಂದರೆ ಆಮ್ಲದ ಅಂಕಿಯನ್ನೂ ಕೇಳಿ ಪಡೆಯಿರಿ. ಏರುವ ಟಿಎಎನ್ ಇಳಿಯುವ ಟಿಬಿಎನ್ನನ್ನು ಸಂಧಿಸಿದ ಮೇಲೆ ಆ ಆಯಿಲಿನಲ್ಲಿ ಓಡಿಸುವುದು ಬೇರಿಂಗಿಗೆ ಕೇಡು. ಹೊಸ ಆಯಿಲಿನಲ್ಲೂ ಸ್ವಲ್ಪ ಟಿಎಎನ್ ಇರುತ್ತದೆ, ಸೊನ್ನೆಯಿಂದ ಎಣಿಸಬೇಡಿ. ಎರಡು ರಿಪೋರ್ಟಿನ ಟಿಬಿಎನ್ ಹೋಲಿಸುವಾಗ ವಿಧಾನ ಒಂದೇ ಇದೆಯೇ ನೋಡಿ: ಎಎಸ್‌ಟಿಎಂ ಡಿ2896 ವಿಧಾನದಲ್ಲಿ ಬರುವ ಅಂಕಿ ಡಿ4739ರದ್ದಕ್ಕಿಂತ ಹೆಚ್ಚು. ಬೇರೆಬೇರೆ ವಿಧಾನದ ಅಂಕಿಗಳನ್ನು ಕಳೆದರೆ ಬರುವ ಉತ್ತರಕ್ಕೆ ಬೆಲೆಯಿಲ್ಲ. ಅವಧಿ ಹೆಚ್ಚಿಸುವುದಾದರೆ ಒಮ್ಮೆಗೆ ಕಾಲು ಭಾಗಕ್ಕಿಂತ ಹೆಚ್ಚು ಬೇಡ, ಪ್ರತಿ ಹಂತದಲ್ಲೂ ಸ್ಯಾಂಪಲ್ ಬೇಕು. ವಾರಂಟಿ ಇರುವ ಗಾಡಿಯಲ್ಲಿ ತಯಾರಕರ ಅವಧಿ ಮೀರಬೇಡಿ.

ಪ್ರಶ್ನೆ: ನನ್ನ ಎಂಜಿನ್ ಆಯಿಲ್ ಕುಡಿಯುತ್ತದೆ. ಸಂಪ್ 8 ಲೀಟರ್, 10,000 ಕಿ.ಮೀ.ನಲ್ಲಿ 2 ಲೀಟರ್ ಟಾಪ್ ಅಪ್. ಕಬ್ಬಿಣ 40 ಪಿಪಿಎಂ. ಇದನ್ನು ನಂಬಬಹುದೇ?

ಉತ್ತರ: ನಿಜವಾದ ಸವೆತ ಇದಕ್ಕಿಂತ ಹೆಚ್ಚು, ಏಕೆಂದರೆ ಹೊಸ ಆಯಿಲ್ ಸೇರಿ ಲೋಹ ತೆಳುವಾಗಿದೆ. ಅಂದಾಜು ಲೆಕ್ಕ ಹೀಗೆ: ಹೊರಹೋದ 2 ಲೀಟರಿನಲ್ಲಿ ಸರಾಸರಿ 20 ಪಿಪಿಎಂ ಇತ್ತೆಂದು ಹಿಡಿದರೆ, 8ನ್ನು 40ರಿಂದ ಗುಣಿಸಿ 320, ಅದಕ್ಕೆ 2ನ್ನು 20ರಿಂದ ಗುಣಿಸಿದ 40 ಕೂಡಿಸಿ 360. 8ರಿಂದ ಭಾಗಿಸಿದರೆ 45. ಪ್ರತಿ 1,000 ಕಿ.ಮೀ.ಗೆ 4.5 ಪಿಪಿಎಂ. ಹೋಲಿಕೆಗೆ ಯಾವಾಗಲೂ ಈ ದರವನ್ನೇ ಬಳಸಿ. 5,000 ಓಡಿದ ಆಯಿಲನ್ನು 10,000 ಓಡಿದ್ದರ ಪಕ್ಕ ಇಟ್ಟು ಬರಿಯ ಪಿಪಿಎಂ ನೋಡಿದರೆ ಪ್ರಯೋಜನವಿಲ್ಲ.

ಪ್ರಶ್ನೆ: ರಿಪೋರ್ಟ್ ಪೂರ್ತಿ ‘ನಾರ್ಮಲ್’. ಆದರೆ ಎಂಜಿನ್ ಅಡಿಯಿಂದ ಬಡಿತದ ಸದ್ದು ಬರುತ್ತಿದೆ. ಯಾವುದನ್ನು ನಂಬಲಿ?

ಉತ್ತರ: ಕಿವಿಯನ್ನು ನಂಬಿ, ಗಾಡಿ ನಿಲ್ಲಿಸಿ. ಲ್ಯಾಬಿನ ಸ್ಪೆಕ್ಟ್ರೋಮೀಟರಿಗೆ ಕಾಣುವುದು ಸುಮಾರು 5ರಿಂದ 8 ಮೈಕ್ರಾನ್‌ವರೆಗಿನ ಕಣಗಳು ಮಾತ್ರ. ನಿಧಾನದ ಸವೆತ ಅಷ್ಟು ಸಣ್ಣ ಕಣಗಳನ್ನೇ ಬಿಡುತ್ತದೆ, ಹಾಗಾಗಿ ಅದು ಸಿಕ್ಕಿಬೀಳುತ್ತದೆ. ಬೇರಿಂಗ್ ಪದರ ಕಿತ್ತು ಬರುವಾಗ, ಗೇರಿನ ಹಲ್ಲು ಚಕ್ಕೆ ಏಳುವಾಗ ಬರುವ ತುಣುಕುಗಳು ಅದಕ್ಕಿಂತ ಎಷ್ಟೋ ದೊಡ್ಡವು. ಅವು ಆಯಿಲ್ ಫಿಲ್ಟರಿನಲ್ಲಿ ಕೂತಿರುತ್ತವೆ.

ಫಿಲ್ಟರ್ ಬಿಚ್ಚಿ ನೋಡಿ. ಹ್ಯಾಕ್ಸಾದಿಂದ ಕೊಯ್ಯಬೇಡಿ, ಗರಗಸದ ಪುಡಿಯೇ ಒಳಗೆ ಬಿದ್ದು ಮೋಸವಾಗುತ್ತದೆ. ಚಕ್ರ ಉರುಳಿಸಿ ಕತ್ತರಿಸುವ ಫಿಲ್ಟರ್ ಕಟರ್ ಬಳಸಿ. ಕಾಗದವನ್ನು ಎರಡೂ ತುದಿಯಲ್ಲಿ ಹರಿತ ಚಾಕುವಿನಿಂದ ಬಿಡಿಸಿ, ವೈಸಿನಲ್ಲಿ ಒತ್ತಿ ಆಯಿಲ್ ಹಿಂಡಿ, ಬಿಳಿ ಹಾಳೆಯ ಮೇಲೆ ಮಡಿಕೆ ಬಿಚ್ಚಿ, ಒಳ್ಳೆಯ ಬೆಳಕಿನಲ್ಲಿ ನೋಡಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಅಯಸ್ಕಾಂತ ಆಡಿಸಿದರೆ ಕಬ್ಬಿಣ, ಉಕ್ಕು ಮಾತ್ರ ಏಳುತ್ತವೆ. ಅಯಸ್ಕಾಂತಕ್ಕೆ ಏಳದ ಬೆಳ್ಳಿಬಣ್ಣದ ತೆಳು ಚಕ್ಕೆ ಬೇರಿಂಗ್ ಅಥವಾ ಪಿಸ್ಟನ್ನಿನದು. ಹಿತ್ತಾಳೆ ಬಣ್ಣದ ಚಕ್ಕೆ ಬುಷ್ ಅಥವಾ ಬೇರಿಂಗಿನ ಕೆಳಪದರದ್ದು. ಕಪ್ಪು ಚೂರು ಉಗುರಿನಡಿ ಪುಡಿಯಾದರೆ ಅದು ಬರಿಯ ಇಂಗಾಲ. ಲ್ಯಾಬಿನಲ್ಲಿ ದೊಡ್ಡ ಕಬ್ಬಿಣದ ಕಣಗಳನ್ನು ಅಳೆಯುವ ಪಿಕ್ಯೂ ಇಂಡೆಕ್ಸ್, ಕಣಗಳ ಆಕಾರ ನೋಡುವ ಫೆರೋಗ್ರಫಿ ಎಂಬ ಪರೀಕ್ಷೆಗಳಿವೆ. ಕಬ್ಬಿಣದ ಪಿಪಿಎಂ ಕಡಿಮೆ ಇದ್ದು ಪಿಕ್ಯೂ ಹೆಚ್ಚಿದ್ದರೆ ಯಾವುದೋ ಭಾಗ ಮುರಿಯುವ ಹಂತಕ್ಕೆ ಬಂದಿದೆ.

ಪ್ರಶ್ನೆ: ಕಾಗದದ ಮೇಲೆ ಹನಿ ಬಿಟ್ಟು ನೋಡುವ ಪರೀಕ್ಷೆಗೆ ಅರ್ಥವಿದೆಯೇ?

ಉತ್ತರ: ಇದೆ, ಮಸಿಯನ್ನು ತೇಲಿಸುವ ಶಕ್ತಿ ಉಳಿದಿದೆಯೇ ಎಂಬ ಒಂದು ಪ್ರಶ್ನೆಯ ಮಟ್ಟಿಗೆ. ಫಿಲ್ಟರ್ ಪೇಪರನ್ನು ಲೋಟದ ಬಾಯಿಯ ಮೇಲೆ, ಮಧ್ಯಭಾಗ ಯಾವುದಕ್ಕೂ ತಾಗದಂತೆ ಮಟ್ಟಸವಾಗಿ ಇಡಿ. ಬಿಸಿ ಎಂಜಿನ್ನಿನ ಡಿಪ್‌ಸ್ಟಿಕ್‌ನಿಂದ ಒಂದು ಹನಿ ಬಿಟ್ಟು ಒಂದು ದಿನ ಮುಟ್ಟದೆ ಬಿಡಿ. ನಡುವಿನಿಂದ ಅಂಚಿನವರೆಗೆ ಬೂದುಬಣ್ಣ ಸಮವಾಗಿ ಹರಡಿದ್ದರೆ ಸರಿ. ಮಸಿಯೆಲ್ಲ ನಡುವೆ ಕಡುಕಪ್ಪು ಬೊಟ್ಟಾಗಿ, ಅಂಚು ಚೂಪಾಗಿ ನಿಂತಿದ್ದರೆ ಡಿಸ್ಪರ್ಸೆಂಟ್ ಮುಗಿದಿದೆ, ಆಯಿಲ್ ಬದಲಿಸಿ. ಹೊರಗೆ ಅಗಲವಾದ ಪಾರದರ್ಶಕ ಬಳೆ ಇದ್ದರೆ ಇಂಧನದ ಅನುಮಾನ, ಅಂಚು ಹರಿದಂತೆ ಅಂಕುಡೊಂಕಾಗಿದ್ದರೆ ನೀರು ಅಥವಾ ಕೂಲೆಂಟಿನ ಅನುಮಾನ. ಸವೆತದ ಬಗ್ಗೆ ಈ ಕಾಗದ ಏನನ್ನೂ ಹೇಳದು.

ಪ್ರಶ್ನೆ: ಬೈಕಿನ ಆಯಿಲಿಗೂ ಇದೇ ಮಿತಿಗಳೇ?

ಉತ್ತರ: ಅಲ್ಲ. ಹೆಚ್ಚಿನ ಬೈಕುಗಳಲ್ಲಿ ಎಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಗೇರಿನ ಹಲ್ಲುಗಳು ಪಾಲಿಮರನ್ನು ಬೇಗ ಅರೆಯುವುದರಿಂದ ಸ್ನಿಗ್ಧತೆ ಕಾರಿಗಿಂತ ಬಹಳ ಬೇಗ ಇಳಿಯುತ್ತದೆ. ಕ್ಲಚ್ ಭಾಗಗಳಿಂದ ಅಲ್ಯೂಮಿನಿಯಂ, ಗೇರುಗಳಿಂದ ಕಬ್ಬಿಣ ಸೇರುತ್ತವೆ. ಕಾರಿನ ಪಟ್ಟಿಯನ್ನು ಪಕ್ಕಕ್ಕಿಟ್ಟು, ನಿಮ್ಮದೇ ಬೈಕಿನ ಹಿಂದಿನ ರಿಪೋರ್ಟ್ ಜೊತೆ ಹೋಲಿಸಿ. ಸ್ನಿಗ್ಧತೆ ಗ್ರೇಡಿನ ಕೆಳಮಿತಿ ದಾಟಿದ ದಿನವೇ ಬದಲಿಸುವ ದಿನ.